ಹೂತ ಅದಿರಿನ ಹುಡುಕಾಟ: ಸಣ್ಣ ಸಂಕೇತವನ್ನೇ ಏಕೆ ನಂಬಬೇಕು?

ತಾಮ್ರ, ಸತು, ಸೀಸದ ಸಲ್ಫೈಡ್ (ಗಂಧಕದೊಂದಿಗೆ ಕೂಡಿದ ಲೋಹದ ಖನಿಜ) ನಿಕ್ಷೇಪ ನೂರಾರು ಮೀಟರ್ ಆಳದಲ್ಲಿ ಹೂತಿದ್ದರೆ ನೆಲದ ಮೇಲೆ ಅದರ ಸುಳಿವೇ ಇರದಿರಬಹುದು. ಆಗ ನೆರವಿಗೆ ಬರುವುದು ಭೂಭೌತ ಸಮೀಕ್ಷೆಗಳು. ಕಾಂತೀಯ ಮತ್ತು ಗುರುತ್ವ ಸಮೀಕ್ಷೆಗಳು ಓದಿದ ಕೂಡಲೇ ಅರ್ಥವಾಗುತ್ತವೆ. ಹೈರಾಣಾಗಿಸುವುದು ವಿದ್ಯುತ್ಕಾಂತೀಯ ವಿಧಾನ, ಆದ್ದರಿಂದ ಟಿಪ್ಪಣಿಯ ಬಹುಪಾಲು ಅದಕ್ಕೇ.

ನೆಲದ ಮೇಲೆ ತಂತಿಯ ದೊಡ್ಡ ಕುಣಿಕೆ ಹಾಸಿ, ವಿದ್ಯುತ್ ಹರಿಸಿ, ಥಟ್ಟನೆ ನಿಲ್ಲಿಸುತ್ತಾರೆ. ಕಾಂತಕ್ಷೇತ್ರ ಕುಸಿದಾಗ ಒಳಗಿನ ವಾಹಕಗಳಲ್ಲಿ ಸುಳಿ ಪ್ರವಾಹಗಳು ಹುಟ್ಟಿ, ಕ್ರಮೇಣ ಅಡಗುತ್ತವೆ. ಹೀಗೆ ಅಡಗುವುದನ್ನು ನೆಲದ ಮೇಲಿಟ್ಟ ತಂತಿಯ ಸುರುಳಿಯೊಂದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ದಾಖಲಿಸುತ್ತದೆ.

ತೊಡಕು ಇಲ್ಲಿದೆ: ಒಳ್ಳೆಯ ವಾಹಕ ಮೊದಲಿಗೆ ಸಣ್ಣ ಸಂಕೇತ ಕೊಡುತ್ತದೆ, ಕೆಟ್ಟ ವಾಹಕ ದೊಡ್ಡದು. ಏಕೆಂದರೆ ಸುರುಳಿ ಅಳೆಯುವುದು ಕ್ಷೇತ್ರವನ್ನಲ್ಲ, ಕ್ಷೇತ್ರ ಬದಲಾಗುವ ವೇಗವನ್ನು. ಕೆಟ್ಟ ವಾಹಕದಲ್ಲಿ ಪ್ರವಾಹ ಬೇಗ ಕರಗುವುದರಿಂದ ಬದಲಾವಣೆ ಜೋರು. ಒಳ್ಳೆಯದರಲ್ಲಿ ಪ್ರವಾಹ ಸುತ್ತುತ್ತಲೇ ಇರುವುದರಿಂದ ಬದಲಾವಣೆ ಮಂದ.

ಅಂಕಿಗಳಲ್ಲಿ ನೋಡೋಣ. ಕಾಲಸ್ಥಿರಾಂಕ ಎಂದರೆ ಸಂಕೇತ ಸುಮಾರು 37 ಪ್ರತಿಶತಕ್ಕೆ ಇಳಿಯಲು ಬೇಕಾದ ಸಮಯ. ‘ಅ’ ಎಂಬ ಕಾಯಕ್ಕೆ ಅದು 0.5 ಮಿಲಿಸೆಕೆಂಡ್, ‘ಆ’ಗೆ 10 ಇರಲಿ, ಆರಂಭದ ಕ್ಷೇತ್ರ ಎರಡಕ್ಕೂ ಒಂದೇ. ಮೊದಲ ಸಂಕೇತ ಕಾಲಸ್ಥಿರಾಂಕಕ್ಕೆ ವಿಲೋಮವಾದ್ದರಿಂದ ‘ಅ’ 2 ಆದರೆ ‘ಆ’ ಕೇವಲ 0.1, ಇಪ್ಪತ್ತು ಪಟ್ಟು ಕಡಿಮೆ. 2 ಮಿಲಿಸೆಕೆಂಡ್ ಆದಾಗ ‘ಅ’ 0.037ಕ್ಕೆ ಕುಸಿದಿರುತ್ತದೆ, ‘ಆ’ ಇನ್ನೂ 0.082. ಐದನೆಯ ಮಿಲಿಸೆಕೆಂಡಿಗೆ ‘ಅ’ 0.0001ಕ್ಕಿಂತ ಕೆಳಗೆ, ‘ಆ’ 0.061. ಮೇಲಿನ ಒದ್ದೆ ಜೇಡಿಮಣ್ಣು ‘ಅ’ದಂತೆ, ದಪ್ಪ ಸಲ್ಫೈಡ್ ‘ಆ’ದಂತೆ. ಮೊದಲ ಗದ್ದಲ ಮುಗಿಯುವವರೆಗೆ ಕಾಯಬೇಕು, ಅಷ್ಟೇ. ನನಗೆ ಪ್ರಿಯವಾದ ಅಡ್ಡದಾರಿ: ಸಂಕೇತವನ್ನು ಲಾಗ್ ಅಳತೆಯಲ್ಲಿ, ಸಮಯವನ್ನು ಸಾಮಾನ್ಯ ಅಳತೆಯಲ್ಲಿ ಗುರುತಿಸಿ. ಕೊನೆಯ ಭಾಗ ನೇರ ಗೆರೆಯಾದರೆ ಅದರ ಇಳಿಜಾರೇ ಕಾಲಸ್ಥಿರಾಂಕ ಹೇಳುತ್ತದೆ. (ಅತಿ ಉತ್ತಮ ವಾಹಕವಾದ ಕೆಲವು ನಿಕಲ್ ಸಲ್ಫೈಡ್‌ಗಳು ಎಷ್ಟು ಮಂದವೆಂದರೆ ಸುರುಳಿಗೆ ಕಾಣಿಸುವುದೇ ಕಷ್ಟ, ಅಲ್ಲಿ ಕ್ಷೇತ್ರವನ್ನೇ ಅಳೆಯುವ ಸಂವೇದಕ ಬೇಕು.)

ಕಾಲಸ್ಥಿರಾಂಕ ದೊಡ್ಡದೆಂದ ಮಾತ್ರಕ್ಕೆ ಅದಿರು ಎಂದಲ್ಲ. ಗ್ರಾಫೈಟ್ ಕೂಡ ಒಳ್ಳೆಯ ವಾಹಕ. ಸತುವಿನ ಮುಖ್ಯ ಅದಿರಾದ ಸ್ಫ್ಯಾಲರೈಟ್ ಸ್ವತಃ ಕೆಟ್ಟ ವಾಹಕ. ಜೊತೆಗಿರುವ ಪೈರೊಟೈಟ್ (ಕಬ್ಬಿಣದ ಸಲ್ಫೈಡ್), ಚಾಲ್ಕೊಪೈರೈಟ್‌ಗಳೇ (ತಾಮ್ರದ ಅದಿರು) ಅದನ್ನು ತೋರಿಸಿಕೊಡುತ್ತವೆ. ಇಲ್ಲಿ ಗುರುತ್ವ ಸಮೀಕ್ಷೆ ಉಪಯೋಗಕ್ಕೆ ಬರುತ್ತದೆ: ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿ ಗ್ರಾಫೈಟ್‌ನ ಸಾಂದ್ರತೆ ಸುಮಾರು 2.2, ಸಾಮಾನ್ಯ ಬಂಡೆ 2.7, ಸ್ಫ್ಯಾಲರೈಟ್ 4, ಸೀಸದ ಅದಿರಾದ ಗೆಲೀನಾ 7.5. ಪೋರ್ಚುಗಲ್‌ನ ನೆವೆಸ್ ಕೊರ್ವೊ ನಿಕ್ಷೇಪ 1977ರಲ್ಲಿ ಸಿಕ್ಕಿದ್ದು ಗುರುತ್ವದ ಸುಳಿವು ಹಿಡಿದು ಕೊರೆದಾಗ. ಆದರೆ ಬೆಲೆಯ ಲೋಹವಿಲ್ಲದ ಬರಡು ಪೈರೈಟ್‌ನ (ಕಬ್ಬಿಣದ ಸಲ್ಫೈಡ್) ಸಾಂದ್ರತೆಯೂ 5; ಅದನ್ನು ಬೇರ್ಪಡಿಸುವುದು ಕೊರೆತ ಮಾತ್ರ.

ಕೆನಡಾದ ಟಿಮ್ಮಿನ್ಸ್ ಬಳಿಯ ಕಿಡ್ ಕ್ರೀಕ್‌ನಲ್ಲಿ ಆಕಾಶದಿಂದ ಮಾಡಿದ ವಿದ್ಯುತ್ಕಾಂತೀಯ ಸಮೀಕ್ಷೆಯ ಬೆನ್ನು ಹತ್ತಿ 1963ರ ನವೆಂಬರ್‌ನಲ್ಲಿ ಮೊದಲ ರಂಧ್ರ ಕೊರೆದರು. ಕೋರ್ ಅನ್ನು (ರಂಧ್ರದಿಂದ ಹೊರತೆಗೆದ ಬಂಡೆಯ ಕಂಬಿ) ಕಣ್ಣಿನಿಂದ ನೋಡಿಯೇ 599 ಅಡಿಗೆ ಸರಾಸರಿ 1.15 ಪ್ರತಿಶತ ತಾಮ್ರ, 8.64 ಪ್ರತಿಶತ ಸತು ಎಂದು ಅಂದಾಜಿಸಿದ್ದರು. ಇಂಥ ಅಡಿಗಳನ್ನು ಓದುವಾಗ ಎಚ್ಚರ: ಅದು ರಂಧ್ರದ ಉದ್ದಕ್ಕೆ ಅಳೆದದ್ದು, ಅದಿರಿನ ನಿಜ ದಪ್ಪವಲ್ಲ. ನೆಟ್ಟಗೆ ನಿಂತ ಪದರವನ್ನು, ಸಮತಲಕ್ಕೆ 60 ಡಿಗ್ರಿ ಇಳಿಜಾರಿನಲ್ಲಿ ಎದುರಿನಿಂದ ಕೊರೆದು 10 ಮೀಟರ್ ಅದಿರು ಸಿಕ್ಕರೆ ನಿಜ ದಪ್ಪ 5 ಮೀಟರ್.

ರಂಧ್ರದಲ್ಲಿ ಏನೂ ಸಿಗದಿದ್ದರೂ ಮುಚ್ಚಬಾರದು. ಒಳಗೆ ಸಂವೇದಕ ಇಳಿಸಿ ಅಳೆಯುತ್ತಾರೆ. ರಂಧ್ರ ವಾಹಕವನ್ನು ಸೀಳಿದ್ದರೆ ಅಕ್ಷೀಯ ಸಂಕೇತದ, ಅಂದರೆ ರಂಧ್ರದ ಉದ್ದದ ದಿಕ್ಕಿನಲ್ಲಿ ಅಳೆದ ಸಂಕೇತದ, ಚಿಹ್ನೆ (ಧನ ಅಥವಾ ಋಣ) ಒಂದು ಬಗೆ, ಪಕ್ಕದಲ್ಲಿ ಹಾದುಹೋಗಿದ್ದರೆ ತಿರುಗುಮುರುಗು. ಉಳಿದೆರಡು ದಿಕ್ಕಿನ ಅಳತೆಗಳಿಂದ ವಾಹಕ ಯಾವ ಕಡೆಗಿದೆ ಎಂದು ತಿಳಿದು, ಮುಂದಿನ ರಂಧ್ರದ ಕೋನ ನಿರ್ಧರಿಸುತ್ತಾರೆ.