ಲಿಫ್ಟ್ ಮಾಡಿದ ಗಾಡಿಲಿ ಬ್ರೇಕ್ ಹೋಸ್ ಎಲ್ಲಿ ಹಿಡಿಸ್ಬೇಕು

ಥಾರ್ ಇರ್ಲಿ, ಜಿಪ್ಸಿ ಇರ್ಲಿ, ಗಾಡಿ ಎತ್ತರ ಮಾಡೋ ಲಿಫ್ಟ್ ಕಿಟ್ ಹಾಕ್ಸಿದೋರು ಮೊದಲು ನೋಡೋದು ಟೈರು, ಆಮೇಲೆ ಫೋಟೋ. ಅಡಿಗೆ ಬಗ್ಗಿ ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ಆಯಿಲ್ ಒಯ್ಯೋ ಬಗ್ಗೋ ಪೈಪು) ನೋಡೋರು ಭಾರಿ ಕಮ್ಮಿ ಮಾರಾಯ್ರೆ. ಶಿರಸಿಲಿ ನಮ್ಮ ಗ್ಯಾರೇಜಿಗೆ ಬರೋ ಇಂಥ ಗಾಡಿಗಳಲ್ಲಿ ಉದ್ದದ ಹೋಸ್ ಏನೋ ಹಾಕಿರ್ತಾರೆ, ಆದ್ರೆ ಅದನ್ನ ಹಿಡ್ಕೊಂಡಿರೋದು ಬೈಂಡಿಂಗ್ ವೈರು, ಇಲ್ಲಾಂದ್ರೆ ಬಿಸಿಲಿಗೆ ಸೆಟೆದು ಹೋಗಿರೋ ಒಂದು ಕೇಬಲ್ ಟೈ.

ಚಾಸಿಸ್ ಮೇಲೆ ಬರೋ ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರೋ ಜಾಗದಲ್ಲಿ ಒಂದು ಬ್ರಾಕೆಟ್ಟು, ಅದಕ್ಕೊಂದು ಸ್ಪ್ರಿಂಗ್ ಕ್ಲಿಪ್ ಇರತ್ತೆ. ಹೋಸ್ ಎಷ್ಟಾದ್ರೂ ಅಲ್ಲಾಡ್ಲಿ, ಆ ಜಾಯಿಂಟ್ ಮಾತ್ರ ಅಲ್ಲಾಡ್ಬಾರ್ದು. ಕ್ಲಿಪ್ ಕಳೆದೋಯ್ತು ಅಂತ ಹಾಗೇ ಬಿಟ್ರೆ ಚಕ್ರ ಏರಿಳಿದಾಗೆಲ್ಲ ಪೈಪೇ ಬಗ್ಗುತ್ತೆ, ಬಗ್ಗಿ ಬಗ್ಗಿ ಫ್ಲೇರ್ ನಟ್ಟಿನ (ಪೈಪಿನ ತುದಿ ಬಿಗಿಯೋ ನಟ್ಟು) ಹತ್ರ ಬಿರುಕು ಬಿಡತ್ತೆ. ಬ್ರಾಕೆಟ್ಟನ್ನೇ ಕೆಳಗಿಳಿಸೋ ಪ್ಲೇಟ್ ಹಾಕೋದಾದ್ರೂ ಪೈಪನ್ನ ಒಂದೇ ಕಡೆ ಮಡಚ್ದೆ ನಿಧಾನಕ್ಕೆ ದೊಡ್ಡ ತಿರುವು ಕೊಟ್ಟು ತರ್ಬೇಕು.

ಇನ್ನು ಹೋಸಿನ ದಾರಿ. ಚಾಸಿಸ್ ಜಾಕ್ ಮಾಡಿ ಸ್ಟ್ಯಾಂಡ್ ಮೇಲೆ ಕೂರ್ಸಿ, ಚಕ್ರ ಪೂರ್ತಿ ಕೆಳಗೆ ಜೋತು ಬೀಳ್ಲಿ, ಆಗ ಸ್ಟೇರಿಂಗ್ ಎರಡೂ ಕಡೆ ಕೊನೇವರೆಗೆ ತಿರುಗಿಸಿ ನೋಡಿ, ಹೋಸ್ ಎಲ್ಲೂ ಬಿಗಿ ಆಗ್ಬಾರ್ದು. ಆಮೇಲೆ ಚಕ್ರ ಬಂಪ್ ಸ್ಟಾಪ್ (ಇನ್ನೂ ಮೇಲೇರದಂತೆ ತಡೆಯೋ ರಬ್ಬರ್ ತುಂಡು) ಮುಟ್ಟೋವರೆಗೆ ಎತ್ತಿ, ಈಗ ಉಳಿಯೋ ಸಡಿಲು ಟೈರಿಗೆ, ಸೈಲೆನ್ಸರಿಗೆ, ಪ್ರೊಪೆಲ್ಲರ್ ಶಾಫ್ಟಿಗೆ ತಾಗತ್ತಾ ಅಂತ ನೋಡಿ. ಜಿಪ್ಸಿ, ಜಿಮ್ನಿ ತರ ಮುಂದೂ ಸಾಲಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು) ಇದ್ರೆ ಒಂದು ಚಕ್ರ ಮೇಲೆ ಇನ್ನೊಂದು ಕೆಳಗೆ ಇಟ್ಟು ಮತ್ತೊಂದ್ಸಲ. ಜಾಸ್ತಿ ಉದ್ದ ಆದ್ರೆ ಸೇಫು ಅಂತ ಹಾಕೋರಿದಾರೆ, ಕಾಡುದಾರಿಲಿ ಒಂದು ಕೊಂಬೆ ಸಿಕ್ಕಿಸ್ಕೊಂಡ್ರೆ ಮುಗೀತು.

ನಡುವೆ ಹಿಡಿಸೋಕೆ ಒಳಗಡೆ ರಬ್ಬರ್ ಇರೋ ಸ್ಟೀಲ್ ಪಿ-ಕ್ಲಿಪ್ ಹಾಕಿ, ಹೋಸ್ ಹಿಸುಕಿ ಹೋಗೋವಷ್ಟು ಟೈಟ್ ಬೇಡ. ಹೋಸ್ ಮೇಲೆ ಉದ್ದಕ್ಕೆ ಗೆರೆ ಪ್ರಿಂಟ್ ಆಗಿದ್ರೆ ಅದು ನೇರ ಇರ್ಬೇಕು, ಸುತ್ಕೊಂಡು ಹೋಗಿದ್ರೆ ತಿರುಚಿ ಕೂರ್ಸಿದಾರೆ ಅಂತ್ಲೇ ಅರ್ಥ. ಸ್ಟೀಲ್ ಹೆಣಿಗೆ ಹೋಸ್ ನೋಡೋಕೆ ಚೆಂದ, ಆದ್ರೆ ತಾಗಿದ್ದನ್ನೆಲ್ಲ ಗರಗಸದ ಹಾಗೆ ಕೊಯ್ಯತ್ತೆ, ಪಕ್ಕದ ಎಬಿಎಸ್ ವೈರು ಮೊದಲು ಹೋಗೋದು. ಅದಕ್ಕೆ ಮೇಲೊಂದು ಪ್ಲಾಸ್ಟಿಕ್ ಕವಚ ಇರೋದೇ ತಗೊಳ್ಳಿ.

ಎಲ್ಲಿ ಉಜ್ತಾ ಇದೆ ಅಂತ ಗೊತ್ತಾಗ್ಬೇಕಾ? ಮಳೆಗಾಲದಲ್ಲಿ ಕೆಂಪು ರಾಡಿಲಿ ಓಡಿಸ್ಕೊಂಡು ಬನ್ನಿ, ತೊಳೀಬೇಡಿ. ರಾಡಿ ಒರೆಸಿ ಹೊಳೀತಿರೋ ಜಾಗವೇ ತಾಗೋ ಜಾಗ. ಕಾರವಾರ, ಅಂಕೋಲಾ ಕಡೇವ್ರು ಮಾತ್ರ ಅಡಿಯೆಲ್ಲ ಸಿಹಿನೀರಲ್ಲಿ ತೊಳೀಲೇಬೇಕು, ಉಪ್ಪು ಕ್ಲಿಪ್ಪಿನ ಅಡಿ ಕೂತು ಪೈಪು ಅಲ್ಲೇ ತುಕ್ಕು ಹಿಡಿಯತ್ತೆ, ಮೇಲಿಂದ ಕಾಣೋದೂ ಇಲ್ಲ.

ಹೋಸನ್ನ ಚಕ್ರದ ಬ್ರೇಕಿಗೆ ಬಿಗಿಯೋ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹೊಸದೇ ಹಾಕಿ. ಬ್ರೇಕ್ ಆಯಿಲೂ ಹೊಸದು. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಬಿಂದು ಕಮ್ಮಿ ಅಂದ್ರೂ 230 ಡಿಗ್ರಿ, ನೀರು ಹೀರ್ಕೊಂಡ ಮೇಲಿನ ಲೆಕ್ಕ 155, ದೇವಿಮನೆ ಘಾಟಿ ಬ್ರೇಕ್ ಮೇಲೇ ಇಳಿಯೋರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಿಂದಿನ ಆಕ್ಸಲ್‌ಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರೋ ಗಾಡಿ ಆದ್ರೆ ಅದರ ಕಡ್ಡಿನೂ ಹೊಂದಿಸ್ಬೇಕು, ಬಾಡಿ ಎದ್ದಿದ್ದನ್ನ ಅದು ಲೋಡ್ ಇಲ್ಲ ಅಂದ್ಕೊಂಡು ಹಿಂದಿನ ಬ್ರೇಕ್ ಪ್ರೆಶರ್ ಕಮ್ಮಿ ಮಾಡಿಬಿಡತ್ತೆ. ಲಿಫ್ಟಿಗೇ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ (ಗಾಡಿ ಮಾರ್ಪಾಡಿನ ನಿಯಮ) ಅಡ್ಡ ಬರತ್ತೆ, ಅದನ್ನ ಆರ್‌ಟಿಓ ಆಫೀಸಲ್ಲಿ ಮೊದಲೇ ಕೇಳ್ಕೊಳ್ಳಿ.

ಬ್ಲೀಡಿಂಗ್ (ಬ್ರೇಕ್ ಪೈಪಲ್ಲಿರೋ ಗಾಳಿ ಹೊರಗೆ ತೆಗೆಯೋದು) ಆದ ಮೇಲೆ ಇಂಜಿನ್ ಚಾಲು ಇಟ್ಟು ಒಬ್ರು ಪೆಡಲ್ ಜೋರಾಗಿ ಒತ್ತಿ ಹಿಡೀಲಿ, ಇನ್ನೊಬ್ರು ಟಾರ್ಚ್ ಹಿಡ್ಕೊಂಡು ಪ್ರತಿ ಜಾಯಿಂಟನ್ನೂ ಬೆರಳಲ್ಲಿ ಮುಟ್ಟಿ ನೋಡ್ಲಿ. ಪೆಡಲ್ ನಿಧಾನಕ್ಕೆ ಕೆಳಗಿಳೀತಿದ್ರೆ ಗಾಡಿ ಅಲ್ಲೇ ನಿಲ್ಲಿಸಿ. ಮೊದಲ ಆಫ್‌ರೋಡ್ ಓಡಾಟ ಆದ ಮೇಲೆ ಇದನ್ನೇ ಇನ್ನೊಂದ್ಸಲ ಮಾಡಿ.