ಯಾದಗಿರಿ ಎಷ್ಟು ಹಿಂದೆ: ಪರ್ಸೆಂಟೋ, ಪಾಯಿಂಟೋ?

ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ವಿದ್ಯಾರ್ಥಿಗಳಲ್ಲಿ ‘ಡೇಟಾ ಈಸ್’ ಬರೆಯಬೇಕೋ ‘ಡೇಟಾ ಆರ್’ ಬರೆಯಬೇಕೋ ಎಂದು ಕೇಳುವವರು ಬಹಳ ಮಂದಿ. ಎರಡೂ ನಡೆಯುತ್ತವೆ, ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಬರೆಯಿರಿ. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಇಲ್ಲಿ ‘ಪರ್ಸೆಂಟ್’ ಬರೆಯಬೇಕೋ ‘ಪರ್ಸೆಂಟೇಜ್ ಪಾಯಿಂಟ್’ ಬರೆಯಬೇಕೋ?

ನಮ್ಮ ಕಡೆಯ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಸಾಕ್ಷರತೆಯ ಟೇಬಲ್ ತಪ್ಪುವುದಿಲ್ಲ. 2011ರ ಜನಗಣತಿಯಂತೆ, ಶೇಕಡಾ ಲೆಕ್ಕದಲ್ಲಿ, ರಾಜ್ಯ 75.36, ಜಿಲ್ಲೆಗಳಲ್ಲಿ ಬೀದರ್ 70.51, ಕಲಬುರಗಿ 64.85, ಯಾದಗಿರಿ 51.83. ಅಂಕಿ ಸರಿಯಾಗಿಯೇ ಇರುತ್ತವೆ. ಅದರ ಕೆಳಗೆ ‘ಯಾದಗಿರಿ ಈಸ್ 23.53 ಪರ್ಸೆಂಟ್ ಲೋವರ್ ದ್ಯಾನ್ ದ ಸ್ಟೇಟ್’ ಎಂಬ ವಾಕ್ಯ ಬರುತ್ತದೆ. ಪೆನ್ಸಿಲಿನಲ್ಲಿ ‘ಪರ್ಸೆಂಟೇಜ್ ಪಾಯಿಂಟ್ಸ್’ ಎಂದು ತಿದ್ದಿಕೊಟ್ಟರೆ, ‘ಸರ, ಎರಡೂ ಒಂದೇ ಅಲ್ರೀ?’ ಎನ್ನುತ್ತಾರೆ.

ಲೆಕ್ಕ ಮಾಡಿಯೇ ನೋಡಿ. 75.36ರಲ್ಲಿ 51.83 ಕಳೆದರೆ 23.53. ಬರೀ ಕಳೆದು ಬಂದದ್ದು ಪರ್ಸೆಂಟೇಜ್ ಪಾಯಿಂಟ್. ಪರ್ಸೆಂಟ್ ಬೇಕಾದರೆ ಇನ್ನೊಂದು ಹೆಜ್ಜೆ ಇದೆ: ‘ದ್ಯಾನ್’ ಆದಮೇಲೆ ಯಾರ ಹೆಸರು ಬರುತ್ತದೋ ಅವರ ಅಂಕಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಯಾದಗಿರಿ ರಾಜ್ಯಕ್ಕಿಂತ ಕಡಿಮೆ ಎನ್ನುವಾಗ 75.36ರಿಂದ ಭಾಗಿಸುತ್ತೀರಿ, 31.2 ಪರ್ಸೆಂಟ್. ರಾಜ್ಯ ಯಾದಗಿರಿಗಿಂತ ಹೆಚ್ಚು ಎಂದು ವಾಕ್ಯ ತಿರುಗಿಸಿದರೆ 51.83ರಿಂದ ಭಾಗಿಸಬೇಕು, 45.4 ಪರ್ಸೆಂಟ್. ಇನ್ನು ಅನಕ್ಷರತೆಯ ಕಡೆಯಿಂದ ಬಂದರೆ ಯಾದಗಿರಿ 48.17, ರಾಜ್ಯ 24.64: ಯಾದಗಿರಿಯದು 95.5 ಪರ್ಸೆಂಟ್ ಹೆಚ್ಚು, ಹತ್ತಿರ ಹತ್ತಿರ ದುಪ್ಪಟ್ಟು. ಪಾಯಿಂಟಿನ ಅಂತರ ಮೂರು ಕಡೆಯೂ 23.53 ಆಗಿಯೇ ಉಳಿಯಿತು, ಪರ್ಸೆಂಟ್ ಮೂರು ಸಲ ಬದಲಾಯಿತು. ಅನುದಾನ ಕೇಳುವವರು 95.5 ಹಿಡಿಯುತ್ತಾರೆ, ಸಮರ್ಥನೆ ಕೊಡುವವರು 31.2. ಇಬ್ಬರದೂ ಸುಳ್ಳಲ್ಲ. 23.53 ಪರ್ಸೆಂಟ್ ಎಂದವರದು ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಎಕ್ಸೆಲ್ ಕೂಡ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಸೆಲ್‌ಗಳನ್ನು ಪರ್ಸೆಂಟೇಜ್ ಫಾರ್ಮ್ಯಾಟ್‌ನಲ್ಲಿಟ್ಟು ಒಂದರಲ್ಲಿ ಇನ್ನೊಂದು ಕಳೆದರೆ ಉತ್ತರಕ್ಕೂ ಶೇಕಡಾ ಚಿಹ್ನೆ ಅಂಟಿಕೊಂಡೇ ಬರುತ್ತದೆ. ಅದನ್ನು ಕಾಪಿ ಮಾಡಿ ವರ್ಡ್‌ಗೆ ಹಾಕಿದರೆ ಕಥೆ ಮುಗಿಯಿತು. ಕಳೆಯುವ ಕಾಲಮ್ಮಿಗೆ ನಂಬರ್ ಫಾರ್ಮ್ಯಾಟ್ ಕೊಟ್ಟು, ನೂರರಿಂದ ಗುಣಿಸಿ, ತಲೆಬರಹದಲ್ಲೇ ‘ಪಾಯಿಂಟ್ಸ್’ ಎಂದು ಬರೆದಿಡಿ. ಕೆಲವು ಜರ್ನಲ್‌ಗಳು ‘ಪಿಪಿ’ ಎಂದು ಚಿಕ್ಕದಾಗಿಸುತ್ತವೆ. ನಿಮ್ಮ ಗೈಡ್ ಒಪ್ಪುತ್ತಾರೋ ಇಲ್ಲವೋ, ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಪೂರ್ತಿ ತಪ್ಪು ಹುಡುಗರದೂ ಅಲ್ಲ. ಕನ್ನಡದಲ್ಲಿ ‘ಶೇ 5ರಷ್ಟು ಹೆಚ್ಚಳ’ ಎಂದರೆ ಎರಡೂ ಆಗುತ್ತದೆ. ವಿಚಿತ್ರವೆಂದರೆ, ಕನ್ನಡದಲ್ಲಿ ಪದಗಳು ಬೇರೆಬೇರೆ ಇದ್ದ ಕಡೆಯೂ ಇಂಗ್ಲಿಷಿಗೆ ಬಂದೊಡನೆ ಎಡವುತ್ತಾರೆ. ತೊಗರಿಯ ಇಳುವರಿ, ಉತ್ಪಾದನೆ, ಆವಕ ಮೂರೂ ಬೇರೆ ಎಂದು ಒಕ್ಕಲುತನದ ಮನೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ರಿಪೋರ್ಟಿನಲ್ಲಿ ಮಾತ್ರ ಮೂರಕ್ಕೂ ‘ಪ್ರೊಡಕ್ಷನ್’! ನಾಲ್ಕು ಎಕರೆಗೆ 16 ಕ್ವಿಂಟಲ್ ಬಂದಿತ್ತು, ಮರುವರ್ಷ ಆರು ಎಕರೆಗೆ 18 ಬಂತು ಎನ್ನಿ. ಪ್ರೊಡಕ್ಷನ್ ಏರಿದೆ, ಯೀಲ್ಡ್ ಎಕರೆಗೆ ನಾಲ್ಕರಿಂದ ಮೂರಕ್ಕೆ ಇಳಿದಿದೆ. ಎಪಿಎಂಸಿ ಮಾರುಕಟ್ಟೆಗೆ ಬಂದ ಮಾಲು, ಅಂದರೆ ಆವಕ, ‘ಅರೈವಲ್ಸ್’. ಅದರಲ್ಲಿ ದರ ಏರಲೆಂದು ಮನೆಯಲ್ಲಿ ಕಾದಿಟ್ಟ ಹೋದ ವರ್ಷದ ಚೀಲಗಳೂ ಬೇರೆ ಜಿಲ್ಲೆಯ ಲೋಡೂ ಸೇರಿರಬಹುದು.

ಎಪಿಎಂಸಿಯ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಮಾದರಿ ಎಂದರೆ ‘ಮೋಡಲ್ ಪ್ರೈಸ್’, ಆ ದಿನ ಹೆಚ್ಚಿನ ಮಾಲು ಹೋದ ದರ. ಅದನ್ನು ‘ಆವರೇಜ್’ ಎಂದು ಬರೆಯಬೇಡಿ. ಕನಿಷ್ಠ ಗರಿಷ್ಠ ಕೂಡಿಸಿ ಅರ್ಧ ಮಾಡುವುದೂ ಬೇಡ, ಯಾವ ದರಕ್ಕೆ ಎಷ್ಟು ಕ್ವಿಂಟಲ್ ಹೋಯಿತೆಂದು ತಿಳಿಯದೆ ಸರಾಸರಿ ಸಿಗುವುದಿಲ್ಲ.

‘ರೇಷಿಯೊ’ ಕೂಡ ಇದೇ ಪಾಡು ಪಡುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಲಿಂಗಾನುಪಾತ 989, ಅಂದರೆ ಸಾವಿರ ಗಂಡಸರಿಗೆ ಇಷ್ಟು ಹೆಂಗಸರು. ಅದು ‘98.9 ಪರ್ಸೆಂಟ್ ಫೀಮೇಲ್’ ಎಂದು ಅಚ್ಚಾದರೆ ಊರಲ್ಲಿ ಗಂಡಸರೇ ಉಳಿಯಲಿಲ್ಲ ಎಂದಾಯಿತು. ಹೆಂಗಸರ ಪಾಲು 49.7 ಪರ್ಸೆಂಟ್, ಅದಕ್ಕೆ ‘ಪ್ರೊಪೋರ್ಷನ್’ ಅಥವಾ ‘ಶೇರ್’ ಸಾಕು. ಹಾಗೆಯೇ ‘ಲಿಟರಸಿ ರೇಟ್’ ಏಳು ವರ್ಷ ಮತ್ತು ಮೇಲ್ಪಟ್ಟವರ ಲೆಕ್ಕ. ಅನಕ್ಷರತೆಯ ಆ 48.17 ಪರ್ಸೆಂಟನ್ನು ಜಿಲ್ಲೆಯ ಒಟ್ಟು ಜನಸಂಖ್ಯೆಗೆ ಗುಣಿಸಿ ಅನಕ್ಷರಸ್ಥರ ಸಂಖ್ಯೆ ತೆಗೆದರೆ ತೊಟ್ಟಿಲ ಕೂಸುಗಳಿಗೂ ಅಕ್ಷರದ ಪರೀಕ್ಷೆ ಮಾಡಿದ ಹಾಗೆ.