ನಿಗಾ ಇಟ್ಟರೆ ಸಾಕಾ? ವ್ಯಸನ ತಡೆಯಲ್ಲಿ ಪೋಷಕರು ಮತ್ತು ಮಾರ್ಗದರ್ಶಕರು: ಒಂದು ಟಿಪ್ಪಣಿ

ದಾವಣಗೆರೆಯಲ್ಲಿ ನನ್ನ ಜೊತೆ ಸಮಾಜಕಾರ್ಯ ಓದುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಯುವಜನರ ವ್ಯಸನ ತಡೆಯ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ‘ಜಾಗೃತಿ ಮೂಡಿಸಬೇಕು, ಪೋಷಕರು ನಿಗಾ ಇಡಬೇಕು’ ಅಂತ ಬರೆದು ಪುಟ ತುಂಬಿಸುವುದು ರೂಢಿ. ಎರಡನ್ನೂ ಸ್ವಲ್ಪ ಕೆದಕಿ ನೋಡೋಣ.

ಜಾಗೃತಿಯದು ಬೇಗ ಮುಗಿಯುತ್ತೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರೇ ಶಾಲೆಗೆ ಬಂದು ಪಾಠ ಮಾಡುವ ‘ಡೇರ್’ ಕಾರ್ಯಕ್ರಮ ಶುರುವಾಯಿತು. ಮುಂದೆ ಅದನ್ನು ಹಲವು ಸಲ ಅಳೆದು ನೋಡಿದರು. ಮಕ್ಕಳ ಡ್ರಗ್ಸ್ ಬಳಕೆ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರ ಜಾಥಾ ಬೇಡ ಅಂತಲ್ಲ, ಜೂನ್ 27ಕ್ಕೆ ಏನು ಮಾಡ್ತೀರಿ ಅನ್ನೋದು ಮುಖ್ಯ.

ನಿಗಾ ಹೆಚ್ಚು ಗೋಜಲಿನ ವಿಷಯ. ಸ್ವೀಡನ್ನಿನ ಸಂಶೋಧಕರಾದ ಸ್ಟಾಟಿನ್ ಮತ್ತು ಕೆರ್ 14 ವರ್ಷದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕೇಳಿ 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳ ಓಡಾಟದ ಬಗ್ಗೆ ಹೆತ್ತವರಿಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಮಕ್ಕಳೇ ತಾವಾಗಿ ಹೇಳಿದ್ದು ಎಂದು ಅದರಲ್ಲಿ ಕಂಡುಬಂತು. ಹಾಗಾದರೆ ಮೊಬೈಲ್ ತಡಕುವ ಮೊದಲು ಮಗ ಯಾಕೆ ಬಾಯಿ ಬಿಡ್ತಿಲ್ಲ ಅಂತ ಯೋಚಿಸಬೇಕು, ಅಲ್ವಾ?

ಟ್ಯೂಷನ್ ಮುಗಿಸಿ ತಡವಾಗಿ ಬಂದ ಪಿಯು ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ “ಎಲ್ಲಿ ಹಾಳಾಗಿ ಹೋಗಿದ್ದೆಲೇ?” ಅಂದರೆ “ಎಲ್ಲೂ ಇಲ್ಲ” ಅನ್ನುತ್ತಾನೆ. ಅಲ್ಲಿಗೆ ಮಾತು ಮುಗೀತು. ಊಟಕ್ಕೆ ಕೂತಾಗ “ಮಂಡಕ್ಕಿ ಮಿರ್ಚಿ ತಿನ್ನೋಕೆ ಯಾರ್ ಯಾರ್ ಹೋಗಿದ್ರೋ? ಹೊಸಬರು ಯಾರಾದ್ರೂ ಇದ್ರಾ?” ಅಂತ ಕೇಳಿ ನೋಡಿ. ಎರಡು ಹೆಸರಾದರೂ ಹೊರಗೆ ಬರುತ್ತವೆ. ಹಾಗಂತ ಎಷ್ಟೊತ್ತಿಗೆ ಮನೆ ಸೇರಬೇಕು ಅನ್ನೋ ನಿಯಮ ಸಡಿಲ ಆಗಬಾರದು. ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ ಅವರ ಪಾಲನೆಯ ಶೈಲಿಗಳನ್ನು ಓದಿದ್ದೇವಲ್ಲ, ಅದರಲ್ಲಿ ಅಕ್ಕರೆಯೂ ಕಟ್ಟುನಿಟ್ಟೂ ಒಟ್ಟಿಗಿರುವ ಶೈಲಿಯನ್ನೇ ಇಲ್ಲಿ ಬರೆಯಬೇಕು.

ಪೋಷಕರ ಕಣ್ಣಿಗೆ ಬೀಳದ ಇನ್ನೊಂದಿದೆ. ಅವರು ಗಾಂಜಾ ಹುಡುಕುತ್ತಾರೆ, ಆದರೆ ಮೂಸಿ ನಶೆ ಏರಿಸಿಕೊಳ್ಳುವ ಪಂಕ್ಚರ್ ಸಲ್ಯೂಷನ್ನು, ವೈಟ್ನರ್ ಚೀಲದಲ್ಲೇ ಇರುತ್ತೆ. ಏಮ್ಸ್ ನಡೆಸಿದ ಸಮೀಕ್ಷೆಯ 2019ರ ವರದಿ ಪ್ರಕಾರ 10ರಿಂದ 17 ವರ್ಷದವರಲ್ಲಿ ಶೇ. 1.17 ಮಂದಿ ಇಂಥದ್ದನ್ನು ಮೂಸುತ್ತಾರೆ, ದೊಡ್ಡವರಲ್ಲಿ ಶೇ. 0.58. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಇರುವ ಚಟ ಇದೊಂದೇ. ಬಟ್ಟೆಯಲ್ಲಿ ಅಂಟಿನ ವಾಸನೆ, ಮೂಗು ಬಾಯಿಯ ಸುತ್ತ ಗುಳ್ಳೆ, ಅಂಗಿಯ ತೋಳಿನ ಮೇಲೆ ಬಿಳಿ ಕಲೆ ಇದ್ದರೆ ಗಮನ ಕೊಡಿ. ಹೃದಯದ ಬಡಿತ ಏರುಪೇರಾಗಿ ಮೊದಲ ಸಲವೇ ಜೀವ ಹೋಗಬಹುದು.

ಇನ್ನು ಮಾರ್ಗದರ್ಶಕರು. ಮಗುವಿಗೊಬ್ಬ ದೊಡ್ಡ ಸ್ವಯಂಸೇವಕರನ್ನು ಅಣ್ಣ, ಅಕ್ಕನಂತೆ ಜೋಡಿ ಮಾಡುವ ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಕುರಿತು 1995ರ ಅಧ್ಯಯನವೊಂದಿದೆ. ಅಂಥ ಅಣ್ಣನೋ ಅಕ್ಕನೋ ಜೊತೆಗಿದ್ದ ಮಕ್ಕಳು 18 ತಿಂಗಳಲ್ಲಿ ಡ್ರಗ್ಸ್ ಶುರುಮಾಡುವ ಸಾಧ್ಯತೆ, ಹಾಗೆ ಯಾರೂ ಇಲ್ಲದವರಿಗಿಂತ ಶೇ. 46ರಷ್ಟು ಕಡಿಮೆ ಇತ್ತು. ಇದನ್ನು ಎಲ್ಲರೂ ಬರೆಯುತ್ತಾರೆ. ಅದೇ ಮಾಹಿತಿಯನ್ನು ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲಿ ಮತ್ತೆ ತೆರೆದು ನೋಡಿದ್ದನ್ನು ಬಿಟ್ಟುಬಿಡುತ್ತಾರೆ. ಒಂದು ವರ್ಷ ದಾಟಿದ ಜೋಡಿಗಳಿಗೆ ಲಾಭ ಜಾಸ್ತಿ. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳು ತಮ್ಮನ್ನೇ ಕೀಳಾಗಿ ಕಾಣತೊಡಗಿದ್ದರು.

ಇದು ನಮಗೇ ತಾಗುವ ಮಾತು. ಫೀಲ್ಡ್‌ವರ್ಕ್ ಅಂತ ಒಂದು ಬಡಾವಣೆಗೆ ಹೋಗ್ತೀವಿ, ಹುಡುಗರು ಹಚ್ಚಿಕೊಳ್ಳುತ್ತಾರೆ, ಸೆಮಿಸ್ಟರ್ ಮುಗಿದ ಮೇಲೆ ಆ ಕಡೆ ತಲೆ ಹಾಕಲ್ಲ. ಆದ್ದರಿಂದ ನಾವೇ ‘ಅಣ್ಣ’ ಆಗುವ ಬದಲು ಅಲ್ಲೇ ಇರುವವರನ್ನು ಹುಡುಕುವುದು ಮೇಲು: ಗರಡಿಮನೆಯ ಉಸ್ತಾದ್, ಕಬಡ್ಡಿ ಕಲಿಸುವವರು, ಹಾಸ್ಟೆಲ್ ವಾರ್ಡನ್, ಓಣಿಯಲ್ಲೇ ಮನೆ ಮಾಡಿಕೊಂಡಿರುವ ಮೇಡಂ. ನನ್ನ ಓಟು ಗರಡಿಗೆ. ಬೆಳಗಾದರೆ ಹುಡುಗ ಅಲ್ಲಿ ಹಾಜರಿರಬೇಕು. ಎರಡು ದಿನ ಬರದಿದ್ದರೆ ಮೂರನೇ ದಿನ ಯಾರಾದರೂ ವಿಚಾರಿಸಿಕೊಂಡು ಮನೆಗೇ ಬರುತ್ತಾರೆ.

ಕೊನೆಗೆ ಕಾನೂನು. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆ 2015ರ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಇದು ಬಹಳ ಜನಕ್ಕೆ ಗೊತ್ತು. ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆ 1985ರ 64ಎ ಸೆಕ್ಷನ್ ಗೊತ್ತಿರುವವರು ಕಡಿಮೆ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮಗನ ಚಟವನ್ನು ಮುಚ್ಚಿಡುವ ಮನೆಗಳಿಗೆ ಇದನ್ನು ಹೇಳಲೇಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿ ಅದನ್ನು ಪಡೆದರೆ ವಿಚಾರಣೆಯಿಂದ ರಕ್ಷಣೆ ಇದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯಲು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ವಾಪಸ್ ಹೋಗಬಹುದು. ಹಾಗಾಗಿ ಪ್ರತಿ ಸಲವೂ ಹುಡುಗನ ಜೊತೆ ಆಸ್ಪತ್ರೆಗೆ ಹೋಗಿಬರುವುದನ್ನು ಮಾರ್ಗದರ್ಶಕರ ಕೆಲಸಗಳ ಜೊತೆ ಬರೆದುಕೊಳ್ಳಿ.